ಸುಣ್ಣದ ಚೌಕದಲ್ಲಿ ಚೌಡಮ್ಮ

“ಕರ್ಪೂರ ಹಚ್ಚು ಬೆನಕಪ್ಪಜ್ಜ. ಇಂಜಿನಿಯರಮ್ಮ ಬರೋದ್ರೊಳಗೆ ಒಂದು ಮಂಗಳಾರತಿ ಆಗ್ಬಿಡ್ಲಿ,” ಎಂದು ಹೋಟೆಲಿನ ತೀರ್ಥೇಶ ಆರತಿ ತಟ್ಟೆಯನ್ನು ಮುದುಕನ ಕೈಗೆ ತುರುಕಿದ.

ಕಡೂರಿನ ಪೇಟೆ ಬೀದಿಗೆ ಇನ್ನು ಮೇಲೆ ಗಾಡಿ ಬಿಡುವುದಿಲ್ಲ, ನಡೆಯುವವರಿಗೆ ಮಾತ್ರ ಎಂದು ತೀರ್ಮಾನವಾಗಿತ್ತು. ಕಲ್ಲುಬೆಂಚು, ಕುಡಿಯುವ ನೀರಿನ ನಲ್ಲಿ, ದೀಪದ ಕಂಬ, ಎಲ್ಲಕ್ಕೂ ಹಿಂದಿನ ದಿನ ಸುಣ್ಣದ ಪುಡಿಯಲ್ಲಿ ಗುರುತು ಹಾಕಿ ಹೋಗಿದ್ದರು. ತೀರ್ಥೇಶನ ಹೋಟೆಲಿನ ಮಗ್ಗುಲಿಗೆ ಬಿದ್ದ ಚೌಕ ಹೆಂಗಸರ ಶೌಚಾಲಯಕ್ಕೆ. ಬೆಳಗಾಗುವುದರೊಳಗೆ ಅದರ ನಟ್ಟನಡುವೆ ಮೈತುಂಬ ಅರಿಸಿನ ಬಳಿದುಕೊಂಡು, ಕುಂಕುಮ ಇಟ್ಟುಕೊಂಡು ಒಂದು ಕಲ್ಲು ಬಂದು ಕೂತಿತ್ತು. ಮೊದಲು ಕಂಡವನು ತೀರ್ಥೇಶನಂತೆ. ಚೌಡಮ್ಮ ಉದ್ಭವವಾಗಿದ್ದಾಳೆ ಎಂದು ಬೀದಿಯೆಲ್ಲ ಸುದ್ದಿ. ಬೆನಕಪ್ಪ ಬೀದಿಯ ಕೊನೆಯಲ್ಲಿರುವ ಚೌಡಮ್ಮನ ಗುಡಿಯ ಪೂಜಾರಿ. ಅವನು ಒಂದು ಸಲ ಆರತಿ ಎತ್ತಿದನೆಂದರೆ ಆಮೇಲೆ ಆ ಕಲ್ಲನ್ನು ಮುಟ್ಟುವ ಧೈರ್ಯ ಯಾರಿಗೂ ಬರುವುದಿಲ್ಲ.

ಬೆನಕಪ್ಪ ಬಗ್ಗಿ ನೋಡಿದ. ಕಲ್ಲಿನ ನೆತ್ತಿಯಲ್ಲಿ ಅರಿಸಿನ ಮೆತ್ತಿ ಮುಚ್ಚಿದ ಒಂದು ಗುಳಿ. ಮರದ ಹಿಡಿ ಸಿಕ್ಕಿಸುವ ಗುಳಿ. ಒರಳಿನ ರುಬ್ಬುಗುಂಡು. ಗ್ರೈಂಡರ್ ಬಂದ ಮೇಲೆ ಹೋಟೆಲಿನ ಹಿತ್ತಲಲ್ಲಿ, ನಲ್ಲಿಯ ಬುಡದಲ್ಲಿ ಬಿದ್ದಿದ್ದ ಅದನ್ನು ಅವನು ದಿನವೂ ಕೈ ತೊಳೆಯುವಾಗ ನೋಡುತ್ತಿದ್ದ.

ತೀರ್ಥೇಶ ದನಿ ತಗ್ಗಿಸಿದ. “ನಿಂಗೆ ಗೊತ್ತಾಯ್ತು ಅಂತ ನಂಗೂ ಗೊತ್ತಾಯ್ತು. ಕಕ್ಕಸಿನ ಪಕ್ಕ ಕೂತು ಯಾರಜ್ಜ ಇಡ್ಲಿ ತಿಂತಾರೆ? ಬೇರೆ ಕಡೆ ಕಟ್ಕೊಳ್ಲಿ.”

“ಚರಂಡಿ ಪೈಪು ಇರೋದು ಇಲ್ಲೊಂದೇ ಕಡೆ ಅಂತ ಆ ಇಂಜಿನಿಯರ್ ಹುಡುಗಿ ಮೀಟಿಂಗಲ್ಲಿ ಹೇಳ್ಲಿಲ್ವಾ? ಇಲ್ಲಿ ತಪ್ಪಿದ್ರೆ ಪ್ಲಾನಿಂದಲೇ ತೆಗೆದುಹಾಕ್ತಾರೆ.”

“ತೆಗೀಲಿ ಬಿಡು. ಇಷ್ಟು ವರ್ಷ ಇರ್ಲಿಲ್ಲ, ಯಾರಾದ್ರೂ ಸತ್ರಾ?”

ಅಂದಮೇಲೆ ತೀರ್ಥೇಶ ನಾಲಿಗೆ ಕಚ್ಚಿಕೊಂಡ. ಬೆನಕಪ್ಪನ ಹೆಂಡತಿ ಕರಿಯಮ್ಮ ಮೂವತ್ತು ವರ್ಷ ಇದೇ ಬೀದಿಯಲ್ಲಿ ಹೂವು ಮಾರಿದವಳು. ಬೆಳಿಗ್ಗೆ ಬಂದು ಕೂತರೆ ಸಂಜೆಯವರೆಗೆ ಹನಿ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಎದ್ದು ಎಲ್ಲಿಗೆ ಹೋಗುವುದು? ಮೂತ್ರಪಿಂಡ ಕೆಟ್ಟ ಮೇಲೆ ಶಿವಮೊಗ್ಗದ ಡಾಕ್ಟರು, “ದಿನಕ್ಕೆ ಎಷ್ಟು ನೀರು ಕುಡೀತಿದ್ರಮ್ಮ?” ಎಂದು ಕೇಳಿದಾಗ ಗಂಡನ ಮುಖ ನೋಡಿದ್ದಳು. ಅವಳು ಹೋಗಿ ಎಂಟು ತಿಂಗಳು. ಅಂದಿನಿಂದ ಬೆನಕಪ್ಪನ ಬೆಳಗಿನ ತಿಂಡಿ ತೀರ್ಥೇಶನ ಹೋಟೆಲಿನದೇ. ಕೇಳುವ ಮೊದಲೇ ಬಿಸಿ ಇಡ್ಲಿ ತಂದಿಡುತ್ತಿದ್ದ ಕೈ ಅದು.

“ತಾಯಿ ಬಂದವ್ಳೆ ಪೂಜಾರಣ್ಣ,” ಎನ್ನುತ್ತ ಹೂವಿನ ದುರ್ಗಮ್ಮ ದಿನದ ಮೊದಲ ಮಾರು ಸೇವಂತಿಗೆಯನ್ನು ಕಲ್ಲಿಗೆ ಸುತ್ತಿ, ನೆಲಕ್ಕೆ ಹಣೆ ಹಚ್ಚಿದಳು. “ನಮಗೆ ಬೇಡ ಕಣಣ್ಣ ಶೌಚಾಲಯ. ದೇವ್ರನ್ನ ಎಬ್ಬಿಸಿದ ಪಾಪ ಯಾರಿಗೆ ಬೇಕು? ಇಷ್ಟು ದಿನ ತಡ್ಕೊಂಡಿಲ್ವಾ, ಇನ್ನೂ ತಡ್ಕೊಂಡ್ರಾಯ್ತು.” ಅವಳ ಹಿಂದೆ ಏಳೆಂಟು ಮಾರುವ ಹೆಂಗಸರು ಕೈ ಮುಗಿದು ನಿಂತಿದ್ದರು.

ಇದು ರುಬ್ಬುಗುಂಡು ಎಂದು ಹೇಳಿಬಿಡೋಣ ಎನಿಸಿತು ಬೆನಕಪ್ಪನಿಗೆ. ಹೇಳಿದರೆ ನಾಳೆಯಿಂದ ಬೀದಿ ನಗುವುದು ತೀರ್ಥೇಶನನ್ನು ನೋಡಿ ಅಲ್ಲ, ಹಣೆಗೆ ಮಣ್ಣು ಮೆತ್ತಿಕೊಂಡು, ಕೈ ಮುಗಿದು ನಿಂತ ಈ ಹೆಂಗಸರನ್ನು ನೋಡಿ.

ಅಷ್ಟರಲ್ಲಿ ಇಂಜಿನಿಯರ್ ಪ್ರಜ್ಞಾ ಸ್ಕೂಟರ್ ನಿಲ್ಲಿಸಿ, ಅಳತೆ ಟೇಪು ಹಿಡಿದು ಬಂದಳು. ಕಲ್ಲನ್ನು ನೋಡಿದಳು, ಜನರನ್ನು ನೋಡಿದಳು. “ಹನ್ನೆರಡಕ್ಕೆ ಪ್ಲಾನು ಕಳಿಸ್ಬೇಕು ನಾನು. ನೀವೇ ಹೇಳಿ ಪೂಜಾರ್ರೇ. ಅಳತೆ ಹಿಡೀಲಾ, ಈ ಜಾಗ ಕೈಬಿಡ್ಲಾ?”

ನಲವತ್ತು ವರ್ಷದ ಪೂಜೆಯಲ್ಲಿ ಬೆನಕಪ್ಪ ಅಮ್ಮನ ಹೆಸರು ಹೇಳಿ ಒಂದು ಸುಳ್ಳನ್ನೂ ಕಟ್ಟಿದವನಲ್ಲ. ಕಣ್ಣು ಮುಚ್ಚಿ ಮನಸ್ಸಿನಲ್ಲೇ ತಪ್ಪೊಪ್ಪಿಕೊಂಡ. ತಟ್ಟೆಯನ್ನು ಕೆಳಗಿಟ್ಟ.

“ಅಮ್ಮ ಇಲ್ಲಿರಲ್ಲ ಅಂತಾಳೆ. ಗುಡಿಗೆ ಬರ್ತಾಳಂತೆ. ತೀರ್ಥೇಶ, ಚಪ್ಪಲಿ ಬಿಡಪ್ಪ. ಮೊದಲು ಕಂಡೋನು ನೀನೇ ತಾನೆ? ಹೊರೋನೂ ನೀನೇ.”

“ನಾನಾ?”

“ತಲೆ ಮೇಲೆ, ಒದ್ದೆ ಬಟ್ಟೇಲಿ. ಪದ್ಧತಿ ಗೊತ್ತಿಲ್ವಾ?”

ಅದು ಏನೆಂದು ತೀರ್ಥೇಶ ಹೇಳುವಂತಿಲ್ಲ, ಹೊರುವುದಿಲ್ಲ ಎನ್ನುವಂತೆಯೂ ಇಲ್ಲ. ಬೀದಿಗೆ ಬೀದಿಯೇ ಅವನನ್ನು ನೋಡುತ್ತಿತ್ತು. ಯಾರೋ ಹೋಟೆಲಿನ ಡ್ರಮ್ಮಿನಿಂದ ಕೊಡ ತುಂಬಿ ತಂದು ಅವನ ನೆತ್ತಿಗೆ ಸುರಿದರು. ಇಬ್ಬರು ಕಲ್ಲನ್ನೆತ್ತಿ ತಲೆಗೇರಿಸಿದರು.

“ನಿಜವಾಗ್ಲೂ ತಾಯಿ ಜಾಗ ಬಿಟ್ಟುಕೊಟ್ಲಾ ಅಣ್ಣ?” ದುರ್ಗಮ್ಮ ಕೇಳಿದಳು.

“ಅವಳೂ ಹೆಂಗಸೇ ಅಲ್ವೇನವ್ವ,” ಎಂದ ಬೆನಕಪ್ಪ. ಪ್ರಜ್ಞಾ ಟೇಪಿನ ತುದಿ ಹಿಡಿಯಲು ಯಾರಾದರೂ ಬನ್ನಿ ಎಂದಾಗ ದುರ್ಗಮ್ಮನೇ ಹೋಗಿ ಹಿಡಿದುಕೊಂಡಳು.

ನಾಲ್ಕು ಹೆಜ್ಜೆ ಇಡುವುದರೊಳಗೆ ತೀರ್ಥೇಶನ ತಾಯಿ ಗದ್ದಲ ಕೇಳಿ ಹೋಟೆಲಿನ ಬಾಗಿಲಿಗೆ ಬಂದಳು. ಮಗನ ತಲೆಯ ಮೇಲಿದ್ದುದನ್ನು ನೋಡಿದಳು. ಹದಿನೆಂಟು ವರ್ಷ ಬೆಳಗಾದರೆ ತಾನೇ ಹಿಡಿದು ತಿರುವಿದ ಗುಂಡು. ಬೆನಕಪ್ಪ ಅವಳ ಬಾಯನ್ನೇ ನೋಡುತ್ತ ನಿಂತ. ಅವಳು ಸುಣ್ಣದ ಚೌಕದತ್ತ ನೋಡಿದಳು, ಟೇಪು ಹಿಡಿದು ಕುಕ್ಕರುಗಾಲಲ್ಲಿ ಕೂತ ದುರ್ಗಮ್ಮನನ್ನು ನೋಡಿದಳು. ಒಳಗೆ ಹೋಗಿ ಬಿಂದಿಗೆ ತಂದು, ಮಗನ ಬರಿಗಾಲಿಗೆ ನೀರು ಹೊಯ್ದು, ಸೆರಗು ಹೊದ್ದು ಆ ಗುಂಡಿಗೆ ಕೈ ಮುಗಿದಳು. ಭಾರ ಹೊತ್ತಿದ್ದ ತೀರ್ಥೇಶನಿಗೆ ತಲೆ ತಗ್ಗಿಸಲೂ ಆಗಲಿಲ್ಲ.