ಸೇನಾನಿಯ ರಾಜೀನಾಮೆ

ವಾರಪತ್ರಿಕೆಯ ಸಂಪಾದಕರ ಎದುರು ಕೂತು ಈ ವಾರದ ಸಂಚಿಕೆಯನ್ನು ಮೇಜಿನ ಮೇಲಿಟ್ಟೆ.

“ನಿಮ್ಮ ಧಾರಾವಾಹಿಯ ಸೇನಾನಿ ಮುಂದಿನ ವಾರ ಮದುವೆಗೋಸ್ಕರ ಆಕಾಶನೌಕೆ ಬಿಡ್ತಾಳೆ ಅಂತ ಹಾಕಿದ್ದೀರಿ. ಬೇಡ ಸರ್. ಒಂಬತ್ತು ಗ್ರಹ ಆಳೋಳು. ಪ್ರೀತಿಸಲಿ, ಅದಕ್ಕೆ ಅಧಿಕಾರ ಯಾಕೆ ಬಿಡಬೇಕು?”

“ಕತೆ ತಾನೇಮ್ಮ?”

“ನಮ್ಮಮ್ಮನಿಗೆ ಅಲ್ಲ. ‘ಅವಳೇ ಬಿಡ್ತಾಳಂತೆ, ನಿನ್ನದೇನು ಮಹಾ ಕೆಲಸ’ ಅಂತಾರೆ. ಸಂಜೆ ಕಾಲೇಜಲ್ಲಿ ಓದಿ ಸಿಕ್ಕಿದ ಕೆಲಸ ಸರ್. ಭಾನುವಾರ ಗಂಡಿನ ಕಡೆಯವರು ಕೆಲಸ ಬಿಡ್ತೀನಾ ಇಲ್ವಾ ಅಂತ ಉತ್ತರ ಕೇಳೋಕೆ ಬರ್ತಾರೆ.”

“ಲೇಖಕರಿಗೂ ಮನಸ್ಸಿರಲಿಲ್ಲ. ಓದುಗರ ಒತ್ತಾಯ, ಏನು ಮಾಡೋದು?” ಅವರು ಒಂದು ಕಟ್ಟು ಮುಂದಿಟ್ಟರು. “ನೋಡಿ, ಹನ್ನೆರಡು ಹೆಂಗಸರು ಬರೆದಿದ್ದಾರೆ.”

ಬಿಚ್ಚಿದೆ. ಲಗ್ನಪತ್ರಿಕೆಗೆ ಹಚ್ಚುವಂತೆ ಹನ್ನೆರಡೂ ಪತ್ರಗಳ ಮೂಲೆಗೆ ಅರಿಶಿನ ಹಚ್ಚಿತ್ತು. ಹೆಸರುಗಳು ಬೇರೆ ಬೇರೆ, ಅಕ್ಷರ ಮಾತ್ರ ನಮ್ಮಮ್ಮನದು.