ರಸ್ತೆಯ ಆಚೆಯ ಡಾಕ್ಟರು

ರಾಯರು ತೀರಿಕೊಂಡ ಸುದ್ದಿ ಓಣಿಗೆ ತಿಳಿದ ದಿನ ನಮ್ಮ ಊರಿನ ವೈದ್ಯರು ಊರಲ್ಲಿರಲಿಲ್ಲ. ವೈದ್ಯರು ನೋಡಿ ಬರೆದುಕೊಡದೆ ಸ್ಮಶಾನದಲ್ಲಿ ಬೆಂಕಿ ಕೊಡುವಂತಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಸಂಸ್ಕಾರವಾಗಬೇಕೆಂದು ರಾಯರ ಹೆಂಡತಿ ಕಣ್ಣೀರಿಡುತ್ತಿದ್ದರು. ಉಳಿದವರು ಎದುರುಮನೆಯ ಡಾಕ್ಟರು ಒಬ್ಬರೇ. ಆದರೆ ನಡುವಿನ ರಸ್ತೆಯೇ ಎರಡು ರಾಜ್ಯಗಳ ಗಡಿ. ಆಚೆಯ ರಾಜ್ಯದಲ್ಲಿ ನೋಂದಣಿಯಾದವರು ಈಚೆ ಬಂದು ಯಾರ ನಾಡಿಯನ್ನೂ ಹಿಡಿಯಬಾರದೆಂದು ಆ ಡಾಕ್ಟರಿಗೆ ನೋಟೀಸು ಕೊಟ್ಟವರು, ವೈದ್ಯ ಪರಿಷತ್ತಿನ ಅಧಿಕಾರಿಯಾಗಿದ್ದ ಈ ರಾಯರೇ.

ಅಳಿಯ ಹೋಗಿ ಕೈಮುಗಿದ. "ದೇಶಕ್ಕೆಲ್ಲಾ ಒಂದ ನೋಂದಣಿ ಬರ್ತದಂತಲ್ರೀ ಡಾಕ್ಟರ. ಒಂದೀಟ ಬಂದು ನೋಡ್ರಿ."

"ಬರ್ತದಪ್ಪಾ. ಅದು ಬರೂತನಕ ನಿಮ್ಮ ಮಾವನವರು ಕಾಯ್ತಾರೇನು? ಈಗ ನಾ ರಸ್ತೆ ದಾಟಿದ್ರ, ಎದ್ದು ಕೂತು ಇನ್ನೊಂದು ನೋಟೀಸ ಕೊಟ್ಟಾರು. ಅವರನ್ನ ಇಲ್ಲಿಗೇ ಕರಕೊಂಡ ಬಾ."

"ನಿಮ್ಮ ಕಟ್ಟಿ ಹತ್ತಿದವರೇ ಅಲ್ಲ ಅವರು. ನಮ್ಮ ಅತ್ತಿ ಹೆಂಗ ಒಪ್ತಾರ್ರಿ?"



ಈಚೆಯ ಬಾಗಿಲಲ್ಲಿ ಕೂತಿದ್ದ ಅತ್ತೆಗೆ ಇದೆಲ್ಲ ಕೇಳಿಸಿತು. "ಎತ್ತರಪಾ ಅವರನ್ನ," ಎಂದರು.

ಬಂಧುಗಳು ರಾಯರನ್ನು ಹೊತ್ತು ರಸ್ತೆ ದಾಟಿಸಿದರು. ಡಾಕ್ಟರು ನಾಡಿ ನೋಡಿ, ಕಣ್ಣೊರೆಸಿಕೊಂಡು, ಬರೆದುಕೊಟ್ಟರು. ಹಿಂದೆಯೇ ರಸ್ತೆ ದಾಟಿ ಬಂದಿದ್ದ ಅತ್ತೆ ಆಕಾಶ ನೋಡಿ ಕೈಮುಗಿದರು.

"ವಿಠ್ಠಲಾ, ವಾಕಿಂಗ್ ಅಂತ ಹೇಳಿ ದಿನಾ ನಸುಕಿನ್ಯಾಗ ಕದ್ದು ಬಂದು ಇದೇ ಡಾಕ್ಟರ ಕಡಿಂದ ಎದಿನೋವಿನ ಗುಳಿಗಿ ಇಸ್ಕೊಂಡು ಹೋಗ್ತಿದ್ರು, ಇವತ್ತ ಎಲ್ಲಾರ ಮುಂದ ಬಂದಾರ, ಅವರ ಆತ್ಮಕ್ಕ ಶಾಂತಿ ಕೊಡಪಾ."