ಶಾವಂತ್ರವ್ವನ ಹೊಲದ ಹದ

ಹದಿನೇಳು ದಿನ... ಮೌನೇಶ ಟ್ರ್ಯಾಕ್ಟರ್ ಸೀಟು ಬಿಟ್ಟು ಕೆಳಗಿಳಿದದ್ದೇ ಕಡಿಮೆ.

ಮುಂಗಾರು ಮಳೆ ಬಿಟ್ಟು ಬಿಟ್ಟು ಬೀಳುತ್ತಿತ್ತು. ಮಣ್ಣಿನ ಹದ ಆರುವ ಮುಂಚೆ ಎರೆ ಹೊಲಕ್ಕೆ ಕುಂಟೆ ಹೊಡೆಸಿ ಹರಗಿಸಬೇಕೆಂದು ಊರೆಲ್ಲ ಅವನ ಬೆನ್ನು ಬಿದ್ದಿತ್ತು.

ಆ ದಿನ ಬೆಳಿಗ್ಗೆ ಒಂದು ಹೊಲ ಮುಗಿಸಿ ಪಕ್ಕದ ಹೊಲಕ್ಕೆ ತಿರುಗಿದ. ಹೊಲದೊಡತಿ ಶಾವಂತ್ರವ್ವ, ಎಪ್ಪತ್ತು ದಾಟಿದ ಮುದುಕಿ, ಬದುವಿನ ಮೇಲೆ ಅಡ್ಡ ನಿಂತಿದ್ದಳು.

“ತಡಿ ತಮ್ಮಾ, ಇನ್ನಾ ಹದ ಬಂದಿಲ್ಲ. ಹಸೀ ಮಣ್ಣಾಗ ಹರಗಿದರ ಬರೇ ಹೆಂಟಿ ಏಳತಾವು.”

“ಯವ್ವಾ, ಇನ್ನೂ ನಾಕ್ ಹೊಲ ಅದಾವು... ಜನ ನನ್ನ ಜೀವಾ ತಿನ್ನಾಕತ್ತಾರ!”

“ತಿನ್ನಲಿ. ನೀ ಮೊದಲ ರೊಟ್ಟಿ ತಿನ್ನು.”

ಸಿಟ್ಟು ನೆತ್ತಿಗೇರಿತು. ಆದರೆ ಜಗಳ ಆಡಲಿಕ್ಕೂ ತ್ರಾಣ ಬೇಕಲ್ಲ...

ಬೇವಿನ ಮರದ ಕೆಳಗೆ ಕೂತು ರೊಟ್ಟಿಯ ಕೊನೆಯ ತುತ್ತು ನುಂಗಿದ್ದಷ್ಟೇ ಅವನಿಗೆ ನೆನಪು.

ಎಚ್ಚರವಾದಾಗ ಹೊತ್ತು ವಾಲಿತ್ತು. ಅವನ ಫೋನ್ ಮುದುಕಿಯ ಮಡಿಲಲ್ಲಿತ್ತು. ಯಾರು ಕರೆದರೂ “ಹೊಲದಾಗ ಅದಾನ” ಎಂದಷ್ಟೇ ಹೇಳಿ ಇಟ್ಟಿದ್ದಳಂತೆ!

ಗಡಬಡಿಸಿ ಹೊಲಕ್ಕಿಳಿದ. ಮುಷ್ಟಿ ಮಣ್ಣು ಹಿಡಿದು ಉಂಡೆ ಕಟ್ಟಲು ನೋಡಿದ... ಕಟ್ಟಲೇ ಇಲ್ಲ. ಮೇಲ್ಮಣ್ಣು ಆಗಲೇ ಒಣಗಿತ್ತು.

“ಯವ್ವಾ, ಮುಂಜಾನೇನ ಹದ ಬಂದಿತ್ತು ಇದು! ಯಾಕ ಸುಳ್ಳ ಹೇಳಿದಿ?”

ಮುದುಕಿ ಅವನ ರಟ್ಟೆ ಹಿಡಿದು, ಬೆಳಿಗ್ಗೆ ಅವನೇ ಹರಗಿದ್ದ ಪಕ್ಕದ ಹೊಲಕ್ಕೆ ಕರೆದೊಯ್ದಳು.

ಕೊನೆಯ ಸಾಲುಗಳೆಲ್ಲ ಸೊಟ್ಟಪಟ್ಟ. ಒಂದಂತೂ ಕಟ್ಟೆಯಿಲ್ಲದ ಬಾವಿಯ ಕಡೆ ಹೋಗಿ, ಇನ್ನೇನು ಒಂದು ಮೊಳ ಇದೆ ಎನ್ನುವಾಗ ತಿರುಗಿತ್ತು.

ತಾನು ಅತ್ತ ಹೋದದ್ದೇ ಮೌನೇಶನಿಗೆ ನೆನಪಿರಲಿಲ್ಲ. ಬಾವಿಯ ಅಂಚಿನಿಂದ ಎರಡು ಹೆಜ್ಜೆ ಹಿಂದೆ ಸರಿದ.

“ಎತ್ತಿನ ಹೆಜ್ಜಿ ತಪ್ಪಿದರ ನಮ್ಮ ಮಾಂವ ಅರ್ಧಾ ಸಾಲಿನಾಗ ನೊಗದ ಕೊಳ್ಳ ಹರದು ಎತ್ತ ನೆರಳಿಗೆ ಬಿಡತಿದ್ದ. ಟ್ರ್ಯಾಕ್ಟರ್ ಬಂದ ಮ್ಯಾಲ ಕೊಳ್ಳ ಹರಿಯಾವ್ರ ಇಲ್ಲ... ‘ದಣದಿ, ಮಲಕೋ’ ಅಂದಿದ್ದರ ನೀ ಕೇಳತಿದ್ದೇನ? ಅದಕ್ಕ ಹದ ಬಂದಿಲ್ಲ ಅಂದೆ.”

“ನಿನ್ನ ಹೊಲದ ಹದ ಹೋತಲ್ಲ ಯವ್ವಾ...”

“ಮಳಿ ಮತ್ತ ಬರತೈತಿ. ನೀ ಬರತಿದ್ದೇನ?”

ಮೌನೇಶನ ಕಣ್ಣು ತುಂಬಿ ಬಂತು... ಉಳಿದ ನಾಲ್ವರಿಗೂ ಫೋನ್ ಮಾಡಿ “ನಾಳೆ ಬರತೀನ್ರಿ” ಎಂದ. ಹದಿನೇಳು ದಿನಗಳಲ್ಲಿ ಇದೇ ಮೊದಲು.

ಮಣ್ಣು ಮುಟ್ಟಿ ಹದ ನೋಡುವ ನಾವು, ದುಡಿಯುವವನ ಮುಖವನ್ನೂ ಒಮ್ಮೆ ನೋಡಬೇಕು.

ಇವತ್ತು ನಿಮಗಾಗಿ ದುಡಿದವರ ಮುಖ ನೀವು ನೋಡಿದಿರಾ...?